ಕಿವಿಮಣಿ ಓದದ ಫಲಕ

ಜನರು ಅಂತರ್ಜಾಲದ ಪುಟಗಳನ್ನು ನೋಡುವುದನ್ನು ಬಿಟ್ಟು ಕೇವಲ ಕೇಳತೊಡಗಿದರೆ ಏನಾಗಬಹುದು? ಕಿವಿಮಣಿ ಮಾರುಕಟ್ಟೆಗೆ ಬಂದ ವರ್ಷ ಪತ್ರಿಕೆಯವನೊಬ್ಬ ಈ ಪ್ರಶ್ನೆಯನ್ನು ನನ್ನ ಮುಂದಿಟ್ಟಿದ್ದ. "ಏನೂ ಆಗುವುದಿಲ್ಲ. ಒಳ್ಳೆಯ ಗದ್ಯ ಕಣ್ಣಿಗೆ ಹೇಗೋ ಕಿವಿಗೂ ಹಾಗೆಯೇ" ಎಂದು ಉತ್ತರಿಸಿದ್ದೆ. ಮರುದಿನ ಆ ವಾಕ್ಯ ಅಚ್ಚಾದುದನ್ನು ಕಂಡು ನಾನೇ ತಲೆದೂಗಿದ್ದೆ.

ಕಿವಿಮಣಿ ಜೋಳದ ಕಾಳಿಗಿಂತ ತುಸು ದೊಡ್ಡದು. ಕಿವಿಯೊಳಗಿಟ್ಟುಕೊಂಡು ಬೇಕಾದ ಪುಟದ ಹೆಸರು ಹೇಳಿದರೆ ಅದನ್ನು ತರಿಸಿಕೊಂಡು ಓದಿಹೇಳುತ್ತದೆ. ಆರೇಳು ವರ್ಷಗಳಲ್ಲಿ ನಮ್ಮ ಸೀಮೆಯ ಜನ ಪರದೆಗಳನ್ನು ಅಟ್ಟಕ್ಕೇರಿಸಿದರು. ಹೆಂಗಸರು ರೊಟ್ಟಿ ಬಡಿಯುತ್ತ ಪಡಿತರದ ಪುಟ ಕೇಳಿದರು. ರೈತರು ಹೊಲದಲ್ಲಿ ಎಡೆ ಹೊಡೆಯುತ್ತ ಪೇಟೆಧಾರಣೆ ಕೇಳಿದರು. ಮಣಿಗೆ ಬಣ್ಣ ಕಾಣದು, ಅಕ್ಷರದ ಗಾತ್ರವೂ ಕಾಣದು. ಪ್ರತಿಯೊಂದು ಪುಟದ ಬೆನ್ನಿಗೆ ಎಚ್‌ಟಿಎಂಎಲ್ ಎಂಬ ಗುರುತುಗಳ ಭಾಷೆಯೊಂದಿರುತ್ತದೆ. ಇದು ಶೀರ್ಷಿಕೆ, ಇದು ಪರಿಚ್ಛೇದ, ಇದು ಪಟ್ಟಿ, ಇದು ಚಿತ್ರ ಎಂದು ಒಂದೊಂದಕ್ಕೂ ಗುರುತು ಹಚ್ಚುವ ಭಾಷೆ ಅದು. ಮಣಿ ಪುಟವನ್ನು ಅರಿಯುವುದು ಆ ಗುರುತುಗಳಿಂದ ಮಾತ್ರ.

ನಾನು ಅಂಕಲಗಟ್ಟೆ ಜಲಾಶಯದ ಪುಟಗಾರ. ಇಪ್ಪತ್ತೆಂಟು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಮೇಲೆ, ಕೈಯಕ್ಷರ ಚೆನ್ನಾಗಿದೆಯೆಂಬ ಕಾರಣಕ್ಕೆ ಜಲಾಶಯದವರು ತಮ್ಮ ಪುಟದ ಜವಾಬ್ದಾರಿಯನ್ನು ನನಗೆ ಒಪ್ಪಿಸಿದ್ದರು. ಗಣಕದ ಅಕ್ಷರಗಳ ಮೋಟು ರೂಪ ನನಗೆ ಒಗ್ಗುತ್ತಿರಲಿಲ್ಲ. ಆದ್ದರಿಂದ ಪುಟದ ನೆತ್ತಿಯ ಮೇಲಿನ ಪ್ರಕಟಣೆಯನ್ನು ಬಿದಿರಿನ ಲೇಖನಿಯಿಂದ ಸ್ವಹಸ್ತದಲ್ಲಿ ಬರೆದು, ಚಿತ್ರವಾಗಿಸಿ ಕೂರಿಸಿದೆ. ಅಂಥ ಫಲಕಗಳು ಮೂರು. ಹಸಿರು ಫಲಕ: 'ಹೊಳೆ ಶಾಂತವಾಗಿದೆ.' ಹಳದಿ ಫಲಕ: 'ನೀರು ಬಿಡುವ ಸಂಭವವಿದೆ.' ಕೆಂಪು ಫಲಕ: 'ನೀರು ಬಿಡುತ್ತಿದ್ದೇವೆ. ಹೊಳೆಗೆ ಇಳಿಯಬೇಡಿ.' ನಿಯಂತ್ರಣ ಕೊಠಡಿಯವರು ಸಂದರ್ಭಕ್ಕೆ ತಕ್ಕ ಫಲಕವನ್ನು ಪುಟಕ್ಕೆ ಹಚ್ಚುತ್ತಿದ್ದರು. ಕೆಳಗೆ ನೀರಿನ ಮಟ್ಟ, ಒಳಹರಿವುಗಳ ಕೋಷ್ಟಕ. ಅದು ಬದಲಾಗುತ್ತಿದ್ದುದು ದಿನಕ್ಕೊಮ್ಮೆ, ಮುಂಜಾನೆ. ಆ ಪುಟಕ್ಕೆ ಜಿಲ್ಲೆಯ ಅತ್ಯುತ್ತಮ ಪುಟವೆಂಬ ಮನ್ನಣೆ ಎರಡು ಬಾರಿ ಬಂದಿತ್ತು.

ಹೀಗೆ ಕಿವಿಮಣಿ ಎಲ್ಲರ ಕಿವಿ ಸೇರಿದ ಮೇಲೆ ಇಲಾಖೆಯಿಂದ ಸುತ್ತೋಲೆ ಬಂತು. ಪ್ರತಿ ಚಿತ್ರದ ಗುರುತಿನಲ್ಲೂ 'ಆಲ್ಟ್' ಎಂಬ ಜಾಗವಿರಬೇಕು, ಚಿತ್ರದ ಮಾತನ್ನು ಅಲ್ಲಿ ಬರೆಯಬೇಕು ಎಂಬುದು ಅದರ ಆದೇಶ. ಓದಿ ನಕ್ಕೆ. ಫಲಕದಲ್ಲಿ ನಾಲ್ಕು ಪದಗಳನ್ನು ಅಷ್ಟು ದೊಡ್ಡದಾಗಿ ಬರೆದಿಟ್ಟ ಮೇಲೆ ಅವನ್ನೇ ಮತ್ತೆ ಬರೆಯುವುದೇ? ನನಗೆ ಗದ್ಯರಚನೆ ಕಲಿಸಿದ ಪಂಡಿತರು ಪುನರುಕ್ತಿಯನ್ನು ಕೊಲೆಗೆ ಸಮಾನವಾದ ದೋಷವೆಂದು ಎಣಿಸಿದವರು. ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಹೇಳುವವನು ಓದುಗನನ್ನು ದಡ್ಡನೆಂದು ಬಗೆದವನು ಎನ್ನುತ್ತಿದ್ದರು. ನಾನೂ ಸಾವಿರಾರು ಮಕ್ಕಳ ಪ್ರಬಂಧಗಳಲ್ಲಿ ಅಂಥ ವಾಕ್ಯಗಳನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿದ್ದೆ. ಆದರೂ ಆಲ್ಟ್ ಇಲ್ಲದಿದ್ದರೆ ಪುಟವನ್ನು ಪರೀಕ್ಷಿಸುವ ತಂತ್ರಾಂಶ ತಕರಾರು ಮಾಡುತ್ತಿತ್ತು. ಎರಡು ಉದ್ಧರಣ ಚಿಹ್ನೆಗಳನ್ನು ಹಾಕಿ ನಡುವೆ ಏನನ್ನೂ ಬರೆಯದೆ ಬಿಟ್ಟೆ. ತಂತ್ರಾಂಶ ಸುಮ್ಮನಾಯಿತು.

ಮುಂದಿನ ಎರಡು ವರ್ಷ ಮಳೆ ಸಾಲದೆ ಗೇಟು ತೆರೆಯುವ ಪ್ರಸಂಗವೇ ಬರಲಿಲ್ಲ. ಎಲ್ಲರ ಕಿವಿಯಲ್ಲೂ ಮಣಿಯಿದೆಯೆಂದು ಹಳೆಯ ಸೈರನ್ನನ್ನು ಕೆಳಗಿಳಿಸಿದರು.

ಕಳೆದ ಆಗಸ್ಟಿನಲ್ಲಿ ಮೇಲಿನ ಸೀಮೆಯಲ್ಲಿ ಎಡೆಬಿಡದೆ ಮಳೆಯಾಯಿತು. ಒಂದು ಮಧ್ಯಾಹ್ನ ಮೂರೂವರೆಗೆ ನಿಯಂತ್ರಣ ಕೊಠಡಿಯ ಮೆಹರುನ್ನಿಸಾ ಪುಟಕ್ಕೆ ಕೆಂಪು ಫಲಕ ಹಚ್ಚಿದಳು. ನಾಲ್ಕಕ್ಕೆ ಗೇಟುಗಳು ತೆರೆದವು. ಕೆಳಗಿನ ನೆಲ್ಲಹಾಳದ ಕಡವಿನಲ್ಲಿ ಹರಿಗೋಲು ಹಾಕುತ್ತಿದ್ದ ಅಂಬಿಗ ಯಮನೂರಪ್ಪ ಅದೇ ಹೊತ್ತಿಗೆ ತನ್ನ ಹೆಂಡತಿ ದುರುಗಮ್ಮನನ್ನು ಕೂರಿಸಿಕೊಂಡು ನಡುಹೊಳೆಯಲ್ಲಿದ್ದ. ಆತ ಈಜಿ ದಡ ಸೇರಿದ. ದುರುಗಮ್ಮನ ದೇಹ ಮೂರನೆಯ ದಿನ ಸಿಕ್ಕಿತು.

ಹರಿಗೋಲು ನೂಕುವ ಮುನ್ನ ಪ್ರತಿ ಸಲವೂ ಜಲಾಶಯದ ಪುಟ ಕೇಳಬೇಕೆಂಬುದು ಅಂಬಿಗರಿಗೆ ವಿಧಿಸಿದ ನಿಯಮ. ಯಮನೂರಪ್ಪನ ಮಣಿಯ ದಾಖಲೆ ತೆಗೆಸಿದರು. ಮೂರು ಗಂಟೆ ಐವತ್ತೆರಡು ನಿಮಿಷಕ್ಕೆ ಪುಟ ಆರಂಭ, ಕೊನೆಯವರೆಗೆ ಕೇಳಲಾಗಿದೆ, ಅವಧಿ ಇಪ್ಪತ್ತೆರಡು ಸೆಕೆಂಡು. ವಿಚಾರಣಾಧಿಕಾರಿಗಳು ಪುಟವನ್ನು ಪರದೆಯ ಮೇಲೆ ನೋಡಿದರು. ಕೆಂಪು ಫಲಕ ಗೋಡೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಪುಟಗಾರನ ಹೇಳಿಕೆಯೂ ಬೇಕೆಂದರು. 'ಪುಟದಲ್ಲಿ ಯಾವ ದೋಷವೂ ಇಲ್ಲ. ಕೇಳಿಸಿದರೂ ಕಿವಿಗೊಡದವರಿಗೆ ಯಾವ ಪ್ರಕಟಣೆಯೂ ಪ್ರಯೋಜನಕ್ಕೆ ಬಾರದು' ಎಂದು ಬರೆದುಕೊಟ್ಟೆ. ಎಚ್ಚರಿಕೆ ಕೇಳಿಯೂ ಹೊಳೆಗಿಳಿದನೆಂದು ನಿರ್ಣಯಿಸಿ ಯಮನೂರಪ್ಪನ ಪರವಾನಗಿ ರದ್ದುಮಾಡಿದರು. ಅವನಿಗೆ ಹದಿನೇಳರ ಮಗಳೊಬ್ಬಳಿದ್ದಳು, ಗಾಳೆಮ್ಮ. 'ಗೊತ್ತಿದ್ದೂ ನಮ್ಮವ್ವನ್ನ ಕೊಂದ' ಎಂದು ಹೇಳಿ ಸೋದರಮಾವನ ಮನೆ ಸೇರಿದವಳು ಅಂದಿನಿಂದ ತಂದೆಯೊಡನೆ ಮಾತಾಡಿರಲಿಲ್ಲ.

ಡಿಸೆಂಬರಿನಲ್ಲಿ ಹಳೆಯ ಪುಟಗಾರರೆಲ್ಲರೂ ಆಧುನಿಕ ಎಚ್‌ಟಿಎಂಎಲ್ ಕಲಿಯಬೇಕೆಂಬ ಆಜ್ಞೆಯಾಯಿತು. ತರಗತಿ ನಡೆದದ್ದು ನಿಯಂತ್ರಣ ಕೊಠಡಿಯ ಪಕ್ಕದ ಹಜಾರದಲ್ಲಿ. ಕಲಿಸುವವಳು ಮೆಹರುನ್ನಿಸಾ, ನನ್ನದೇ ಶಾಲೆಯಲ್ಲಿ ಓದಿದವಳು.

"ಸರ, ಮುಂದಿನ ಬೆಂಚಿಗೆ ಬರ್ರಿ. ಹಿಂದ ಕುಂತವರನ್ನ ನೀವ ನಿಂದರಸ್ತಿದ್ರಿ" ಎಂದಳು.

"ಎಪ್ಪತ್ತೊಂದರ ವಯಸ್ಸಿನಲ್ಲಿ ನಿನ್ನ ಕೈಯಲ್ಲಿ ಅಂಕ ಪಡೆಯುವ ಹಣೆಬರಹ!" ಎಂದೆ.

"ಅಂಜಬ್ಯಾಡ್ರಿ. ನಿಮ್ಮಷ್ಟು ಮಾರ್ಕ್ಸ್ ಕಡಿಯಂಗಿಲ್ಲ."

ಎಲ್ಲರೂ ನಕ್ಕರು. ಆಮೇಲೆ ಅವಳು ನನ್ನ ಹನ್ನೊಂದು ವರ್ಷಗಳ ರೂಢಿಯನ್ನು ಒಂದೊಂದಾಗಿ ಬಿಚ್ಚತೊಡಗಿದಳು. ದಪ್ಪಗೆ ಬರೆದ ಮಾತ್ರಕ್ಕೆ ಅದು ಶೀರ್ಷಿಕೆಯಾಗುವುದಿಲ್ಲ, ಶೀರ್ಷಿಕೆಯ ಗುರುತನ್ನೇ ಹಚ್ಚಬೇಕು. ಕೋಷ್ಟಕವಿರುವುದು ಅಂಕಿಗಳಿಗೆ, ಪುಟದ ಗೋಡೆಗಳನ್ನು ಎಬ್ಬಿಸುವುದಕ್ಕಲ್ಲ. "ಮೊದಲ ಸಾಲಿನಾಗ ಇದು ಕನ್ನಡ ಅಂತ ಹೇಳ್ರಿ. ಇಲ್ಲಂದ್ರ ಮಣಿ ನಮ್ಮ ಮಾತನ್ನ ಇಂಗ್ಲಿಷಿನವರಂಗ ನುಲೀತದ." ಇದು ಹೊಸ ವ್ಯಾಕರಣ, ಅಷ್ಟೇ ಎಂದುಕೊಂಡು ಬರೆದುಕೊಂಡೆ. ನಿಜ ಹೇಳಬೇಕೆಂದರೆ ಅದರ ಕಟ್ಟು ನನಗೆ ಹಿಡಿಸಿತು. ರೂಪಕ್ಕೊಂದು ಕಡೆ, ಅರ್ಥಕ್ಕೊಂದು ಕಡೆ; ಅರ್ಥವನ್ನು ಮೊದಲು ಕಟ್ಟಿ ಶೃಂಗಾರವನ್ನು ಆಮೇಲೆ ತೊಡಿಸುವ ಶಿಸ್ತು.

ಮೂರನೆಯ ದಿನ ಅವಳು ಎಲ್ಲರ ಪರದೆಗಳ ಮೇಲೂ ಟವೆಲು ಹೊದಿಸಿದಳು. "ಈಗ ನಿಮ್ಮ ನಿಮ್ಮ ಪುಟ ಕೇಳ್ರಿ. ಇಷ್ಟು ವರ್ಷದಾಗ ಒಮ್ಮೆರ ಕೇಳೀರೇನು?"

ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅಂದಿನ ಅಭ್ಯಾಸಕ್ಕಾಗಿ ಫಲಕದ ಮಾದರಿಯಲ್ಲೇ ಕಟ್ಟಿದ ಮದುವೆಯ ಆಹ್ವಾನಪತ್ರಿಕೆಯೊಂದು ನನ್ನ ಪುಟವಾಗಿತ್ತು. ಮಣಿ ಊರಿನ ಹೆಸರು ಹೇಳಿತು, ದಿನಾಂಕ ಹೇಳಿತು. 'ಪುಟ ಮುಗಿಯಿತು' ಎಂದಿತು. ಮದುವೆಯ ಮಾತೇ ಇಲ್ಲ.

"ಮಾಸ್ತರ ಪುಟ ನೋಡಾಕ ಮದಲಗಿತ್ತಿ, ಕೇಳಾಕ ಮೂಗಿ!" ಎಂದ ಪಕ್ಕದಲ್ಲಿದ್ದ ತಾಲೂಕು ಕಚೇರಿಯ ಪುಟಗಾರ.

"ಚಿತ್ರ ಇದೆಯಲ್ಲ? ಅದರ ಮೇಲೆ ಎಲ್ಲವನ್ನೂ ಬರೆದಿದ್ದೇನೆ" ಎಂದೆ.

ಮೆಹರುನ್ನಿಸಾ ಬಾಗಿ ನನ್ನ ಗುರುತುಗಳನ್ನು ಓದಿದಳು. "ಆಲ್ಟ್ ಖಾಲಿ ಬಿಟ್ಟೀರಲ್ರಿ ಸರ. ಆಲ್ಟ್ ಇಲ್ಲಾ ಅಂದ್ರ ಮಣಿ ಇಲ್ಲೊಂದು ಚಿತ್ರ ಐತಿ ಅಂತಾದ್ರೂ ಹೇಳತದ, ಕೇಳಿದವರಿಗೆ ಸಂಶೆ ಬರತದ. ಇಟ್ಟು ಖಾಲಿ ಬಿಟ್ರ, ಬರೇ ಅಲಂಕಾರ, ಓದಬ್ಯಾಡ ಅಂತ ನಾವ ಹೇಳಿದಂಗ. ಸುಳಿವ ಕೊಡದ ದಾಟಿ ಹೋಗತದ."

"ಸುಳಿವನ್ನೂ ಕೊಡುವುದಿಲ್ಲವೇ?"

"ಇಲ್ರಿ. ನಾವು ಹೇಳಿದ್ದ ಅದು ಮಾಡೋದು."

ನೀರು ಕುಡಿದು ಬರುತ್ತೇನೆಂದು ಎದ್ದೆ. ಹಜಾರದ ಕಿಟಕಿಯಿಂದ ಅಣೆಕಟ್ಟಿನ ಗೇಟುಗಳು ಕಾಣುತ್ತಿದ್ದವು. ಇಪ್ಪತ್ತೆರಡು ಸೆಕೆಂಡು ಎಂದು ನನ್ನೊಳಗೆ ಯಾರೋ ಎಣಿಸತೊಡಗಿದ್ದರು.

ಮನೆಗೆ ಬಂದವನು ಅಂಗಿ ಬದಲಿಸುವ ಮೊದಲೇ ಗಣಕದ ಮುಂದೆ ಕುಳಿತೆ. ಬಾಗಿಲು ಹಾಕಿಕೊಂಡು ಜಲಾಶಯದ ಪುಟವನ್ನು ಕೆಂಪು ಫಲಕದೊಡನೆ ಕೇಳಿದೆ. ಅಂಕಲಗಟ್ಟೆ ಜಲಾಶಯ. ದಿನಾಂಕ. ನೀರಿನ ಮಟ್ಟ. ಒಳಹರಿವು. ಪುಟ ಮುಗಿಯಿತು. ಕೈಗಡಿಯಾರ ನೋಡಿದೆ: ಇಪ್ಪತ್ತೆರಡು ಸೆಕೆಂಡು.

ಆಮೇಲೆ ನಾನು ಮಾಡಿದ್ದನ್ನು ಆ ಹೊತ್ತಿಗೆ ಕರ್ತವ್ಯವೆಂದೇ ಕರೆದುಕೊಂಡೆ. ಫಲಕಗಳನ್ನು ಕಿತ್ತುಹಾಕಿದೆ. ಎಚ್ಚರಿಕೆಯನ್ನು ನಿಜವಾದ ಅಕ್ಷರಗಳಲ್ಲಿ, ಮೊದಲ ದರ್ಜೆಯ ಶೀರ್ಷಿಕೆಯಾಗಿ ಕಟ್ಟಿದೆ. ಭಾಷೆಯನ್ನು ಘೋಷಿಸಿದೆ, ಎಚ್ಚರಿಕೆ ಬದಲಾದೊಡನೆ ಮಣಿ ತಾನಾಗಿಯೇ ಎದ್ದು ನುಡಿಯುವ ಗುರುತನ್ನೂ ಹಚ್ಚಿದೆ. ಮೆಹರುನ್ನಿಸಾ ಕಲಿಸಿದ ಒಂದೊಂದು ನಿಯಮವನ್ನೂ ಪಾಲಿಸಿದೆ. ಬಣ್ಣಗಳನ್ನೂ ಹಚ್ಚುವ ಬಗೆಯನ್ನೂ ಮೊದಲಿನಂತೆಯೇ ಉಳಿಸಿದ್ದರಿಂದ ನಿಯಂತ್ರಣ ಕೊಠಡಿಯವರಿಗೆ ವ್ಯತ್ಯಾಸ ತಿಳಿಯುವಂತಿರಲಿಲ್ಲ. ಹೊಸ ಪುಟವನ್ನು ಸರ್ವರಿನಲ್ಲಿಟ್ಟರೆ ಅದು ಹಳೆಯದರ ಮೇಲೆಯೇ ಕೂರುತ್ತಿತ್ತು. ಹಳೆಯದರ ಕುರುಹು ಅಲ್ಲಿ ಉಳಿಯುತ್ತಿರಲಿಲ್ಲ. ಈ ಸಂಗತಿ ನನಗೆ ಗೊತ್ತಿರಲಿಲ್ಲವೆಂದು ಹೇಳಲಾರೆ. ಗೊತ್ತಿದ್ದುದರಿಂದಲೇ ಕೈ ಅಷ್ಟು ಚುರುಕಾಗಿ ಓಡಿತು.

ನನ್ನೊಂದಿಗೆ ಇರುವವಳು ವಿಧವೆ ತಂಗಿ ನೀಲಮ್ಮ. ಊಟಕ್ಕೆ ಕುಳಿತಾಗ ತಟ್ಟೆ ನೋಡಿ, "ಯಾಕಣ್ಣ, ರೊಟ್ಟಿ ಹಂಗ ಐತಿ? ಸಾಲಿಗೆ ಹೋಗಿ ಹೊಡಿಸಿಕೊಂಡು ಬಂದ ಹುಡುಗನಂಗ ಕುಂತೀಯಲ್ಲ" ಎಂದಳು.

"ಹಸಿವಿಲ್ಲ."

"ಆ ಸಾಬರ ಹುಡುಗಿ ನಿನ್ನ ತಪ್ಪು ಹುಡುಕಿದಳೇನು?"

"ಇಲ್ಲ" ಎಂದೆ. ಅದು ನಿಜವೇ ಆಗಿತ್ತು. ಅವಳು ಹುಡುಕಿರಲಿಲ್ಲ.

ಎರಡು ವಾರ ಕಳೆಯಿತು. ಒಂದು ಬೆಳಿಗ್ಗೆ ಮನೆಯ ಮುಂದಿನ ಕಟ್ಟೆಯ ಮೇಲೆ ಯಾರೋ ಕೆಮ್ಮಿದಂತಾಯಿತು. ನೋಡಿದರೆ ಯಮನೂರಪ್ಪ. ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು, ಟವೆಲನ್ನು ಕೈಯಲ್ಲಿ ಹಿಡಿದು ನಿಂತಿದ್ದ.

"ಶರಣ್ರಿ ಮಾಸ್ತರ. ಮ್ಯಾಲಿನ ಸಾಹೇಬರಿಗೆ ಒಂದು ಅರ್ಜಿ ಹಾಕಬೇಕ್ರಿ. ನಿಮ್ಮಂಗ ಬರಿಯೋರು ಈ ಸೀಮ್ಯಾಗ ಯಾರಿಲ್ಲ ಅಂತ ಎಲ್ಲಾರೂ ಹೇಳಿದ್ರು."

ಒಳಗೆ ಕರೆದೆ. ಕುರ್ಚಿ ತೋರಿಸಿದರೂ ನೆಲದ ಮೇಲೆಯೇ ಕುಳಿತ.

"ಪರವಾನಗಿ ಮರಳಿ ಬೇಕೆಂದು ಬರೆಯಲೇ?"

"ಅದು ಕೊಟ್ರ ಕೊಡ್ಲಿ, ಬಿಟ್ರ ಬಿಡ್ಲಿ. ಕೂಲಿ ಮಾಡಿ ತಿಂತೀನ್ರಿ. ಮಣಿ ಏನೂ ಹೇಳ್ಲಿಲ್ಲ ಅಂತ ಬರೀರಿ. ಅಷ್ಟ ಸಾಕು. ದಿನಾ ಹೇಳಿದಂಗ ಹೇಳಿತು, ಮುಗೀತು ಅಂತು. ನಾ ಹುಟ್ಟು ಹಾಕಿದೆ. ನಮ್ಮಾಕಿ ನನ್ನ ಎದುರಿಗೆ ಕುಂತಿದ್ಲು, ಎಲಿ ಅಡಿಕಿ ಹಾಕ್ಕೋತ." ಟವೆಲಿನ ಅಂಚನ್ನು ಬೆರಳಿಗೆ ಸುತ್ತಿದ. "ಸಾಹೇಬರು ನಂಬಲಿ ಬಿಡಲಿ. ನಮ್ಮ ಹುಡುಗಿ ನಂಬಬೇಕ್ರಿ. ಸಂತ್ಯಾಗ ಎದುರು ಬಂದ್ರ ದಾರಿ ಬಿಟ್ಟು ಹೋಗ್ತಾಳ."

ಆಗಲೇ ಹೇಳಬೇಕಾಗಿತ್ತು. ನನ್ನ ಬಾಯಿ ತೆರೆಯಲಿಲ್ಲ, ಲೇಖನಿ ತೆರೆಯಿತು. ಎರಡು ಪುಟಗಳ ಅರ್ಜಿ ಬರೆದೆ. ನನ್ನ ಬಾಳಿನಲ್ಲಿ ಅಷ್ಟು ಹದವಾದ ಗದ್ಯವನ್ನು ಇನ್ನೆಂದೂ ಬರೆದಿರಲಾರೆ. ಒಂದು ಪದ ಹೆಚ್ಚಿಲ್ಲ. ದುಃಖದ ಪ್ರದರ್ಶನವಿಲ್ಲ, ವಿನಯಕ್ಕೆ ಕೊರತೆಯಿಲ್ಲ. ಓದಿ ಹೇಳಿದಾಗ ಯಮನೂರಪ್ಪ ಅತ್ತುಬಿಟ್ಟ. ಆ ಎರಡು ಪುಟಗಳಲ್ಲಿ ಇಲ್ಲದಿದ್ದುದು ನನ್ನ ಹೆಸರೊಂದೇ.

ಅವನು ಹೋದ ಮೇಲೆ ನೀಲಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಅಣ್ಣಾ, ಅಂವ ಕಾಲು ಮುಟ್ಟಾಕ ಬಂದ್ರ ನೀ ಹಾವು ಕಂಡವರಂಗ ಹಿಂದ ಸರದಿ. ಏನೈತಿ?"

ಹೇಳಿದೆ. ಅವಳಿಗೆ ಗುರುತು, ಆಲ್ಟ್ ಯಾವುದೂ ಗೊತ್ತಿಲ್ಲ. ಆದರೂ ಕೊನೆಯವರೆಗೆ ಕೇಳಿದಳು.

"ಹಂಗಾರ ಅರ್ಜಿಯೊಳಗ ಅದನ್ಯಾಕ ಬರೀಲಿಲ್ಲ?"

"ವಿಚಾರಣೆ ಆಗಲಿ. ಅಧಿಕಾರಿಗಳಿಗೆ ಕನಿಕರ ಬಂದರೆ..."

"ಬರದಿದ್ರ?"

ನಾನು ಲೇಖನಿಯ ಶಾಯಿ ಒರೆಸತೊಡಗಿದೆ. "ಚಂದಾಗಿ ಬರದು ಕೊಟ್ರ ಪಾಪ ಹೋಗತದೇನು? ನಾ ಓದಿಲ್ಲಪಾ, ನನಗ ತಿಳೀದು" ಎಂದು ಅವಳು ಒಳಗೆ ಹೋದಳು.

ಮೇಲ್ಮನವಿಯ ವಿಚಾರಣೆ ಫೆಬ್ರವರಿಯಲ್ಲಿ, ನಿಯಂತ್ರಣ ಕೊಠಡಿಯಲ್ಲೇ ನಡೆಯಿತು. ರಾಜಧಾನಿಯಿಂದ ಬಂದಿದ್ದ ಅಧಿಕಾರಿ ಮಿತಭಾಷಿ. ಅರ್ಜಿ ಯಾರು ಬರೆದರೆಂದು ವಿಚಾರಿಸಿ ನನ್ನತ್ತ ನೋಡಿ ಮೆಚ್ಚುಗೆಯಿಂದ ತಲೆಯಾಡಿಸಿದರು. ಗೋಡೆಗೆ ಒರಗಿ ಗಾಳೆಮ್ಮ ಕುಳಿತಿದ್ದಳು. ಸೋದರಮಾವನ ಒತ್ತಾಯಕ್ಕೆ ಬಂದಿದ್ದಳೆಂದು ಅವಳ ಮುಖವೇ ಹೇಳುತ್ತಿತ್ತು. ತಂದೆ ಕುಳಿತ ಬದಿಗೆ ಬೆನ್ನು ತಿರುಗಿಸಿದ್ದಳು. ನನ್ನ ಚೀಲದಲ್ಲಿದ್ದ ಪೆನ್‌ಡ್ರೈವಿನಲ್ಲಿ ಹಳೆಯ ಪುಟದ ಪ್ರತಿಯಿತ್ತು. ಮನೆಯ ಗಣಕದಿಂದ ಅದನ್ನು ಅಳಿಸಲು ಕೈ ಬಂದಿರಲಿಲ್ಲ. ತೋರಿಸುವ ಧೈರ್ಯವೂ ಇನ್ನೂ ಬಂದಿರಲಿಲ್ಲ.

"ವಾದ ಬೇಡ. ಕೆಂಪು ಎಚ್ಚರಿಕೆಯೊಂದಿಗೆ ಆ ಪುಟವನ್ನೇ ಎಲ್ಲರಿಗೂ ಕೇಳಿಸಿ" ಎಂದರು ಅಧಿಕಾರಿ.

ಇದನ್ನು ನಾನು ಊಹಿಸಿರಲಿಲ್ಲ. ಮೆಹರುನ್ನಿಸಾ ಸರ್ವರಿನಲ್ಲಿದ್ದ ಪುಟವನ್ನು ಧ್ವನಿವರ್ಧಕಕ್ಕೆ ಜೋಡಿಸಿದಳು. ಸ್ಪಷ್ಟವಾದ ಕನ್ನಡದಲ್ಲಿ ಮೊದಲ ನುಡಿಯೇ ಮೊಳಗಿತು: "ಎಚ್ಚರಿಕೆ. ನೀರು ಬಿಡುತ್ತಿದ್ದೇವೆ. ಹೊಳೆಗೆ ಇಳಿಯಬೇಡಿ."

ಗಾಳೆಮ್ಮ ಕಣ್ಣು ಮುಚ್ಚಿಕೊಂಡಳು. ಯಮನೂರಪ್ಪ ಎದ್ದು ನಿಂತ. ಧ್ವನಿ ಬಂದ ದಿಕ್ಕನ್ನು ನೋಡಿದ, ಮಗಳ ಬೆನ್ನನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ.

"ಹಿಂಗ ಹೇಳಿತ್ತೇನ್ರಿ?" ಎಂದ, ಮೆಲ್ಲಗೆ. "ಹಂಗಾರ ನನಗ ಕೇಳಿಸಿರ್ಲಿಕ್ಕಿಲ್ರಿ ಸಾಹೇಬರ. ಏನೋ ಮಾತಾಡಿಕೋತ ನಿಂತಿದ್ನೇನೋ. ನಮ್ಮಾಕಿ ನಗಸ್ತಿದ್ಲು... ನಂದ ತಪ್ಪಿರಬೇಕ್ರಿ."

ಆರು ತಿಂಗಳು ಊರಿನ ಮಾತಿಗೆ, ಮಗಳ ಮೌನಕ್ಕೆ ಬಾಗದ ಮನುಷ್ಯ, ನಾನು ತಿದ್ದಿದ ಪುಟದ ಮೂರು ಮಾತುಗಳಿಗೆ ಬಾಗಿ ತನ್ನ ನೆನಪನ್ನೇ ಸುಳ್ಳೆಂದು ಒಪ್ಪಿಕೊಳ್ಳುತ್ತಿದ್ದ. ಅಧಿಕಾರಿ ಲೇಖನಿ ಎತ್ತಿದರು.

ನಾನು ಎದ್ದೆ. "ಅದು ಆ ದಿನದ ಪುಟವಲ್ಲ" ಎಂದೆ.

"ಸರ?" ಎಂದಳು ಮೆಹರುನ್ನಿಸಾ.

"ಆ ದಿನದ್ದು ನನ್ನ ಚೀಲದಲ್ಲಿದೆ. ಇದನ್ನು ಡಿಸೆಂಬರಿನಲ್ಲಿ ನಾನು ಬದಲಿಸಿದ್ದೇನೆ. ಯಾರಿಗೂ ಹೇಳದೆ ಬದಲಿಸಿದ್ದೇನೆ."

ಪ್ರತಿಯನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಪರದೆಯ ಮೇಲೆ ತೆರೆದು ಗುರುತುಗಳ ಮೇಲೆ ಕಣ್ಣಾಡಿಸಿದಳು. ಫಲಕದ ಸಾಲಿನ ಬಳಿ ಅವಳ ಬೆರಳು ನಿಂತಿತು. ನನ್ನ ಮುಖ ನೋಡಲಿಲ್ಲ. "ಇದ ಪುಟ ಹೌದ್ರಿ ಸಾಹೇಬರ. ಅವತ್ತು ನಾ ಕೆಂಪು ಹಚ್ಚಿದ್ದು ಇದಕ್ಕ" ಎಂದು ಜೋಡಿಸಿದಳು. ಅಷ್ಟು ದಿನ ಸಮಯಕ್ಕೆ ಸರಿಯಾಗಿ ಎಚ್ಚರಿಸಿದೆನೆಂಬ ಸಮಾಧಾನದಲ್ಲಿ ಬದುಕಿದ್ದವಳು ಅವಳು.

ಧ್ವನಿವರ್ಧಕ ನುಡಿಯಿತು. ಅಂಕಲಗಟ್ಟೆ ಜಲಾಶಯ. ದಿನಾಂಕ. ನೀರಿನ ಮಟ್ಟ. ಒಳಹರಿವು. ಪುಟ ಮುಗಿಯಿತು.

ಅಧಿಕಾರಿ ಮಣಿಯ ದಾಖಲೆಯನ್ನು ಮುಂದಕ್ಕೆಳೆದುಕೊಂಡರು. "ಎಷ್ಟು ಹೊತ್ತಾಯಿತು?"

"ಇಪ್ಪತ್ತೆರಡು ಸೆಕೆಂಡ್ರಿ" ಎಂದಳು ಮೆಹರುನ್ನಿಸಾ. "ಹೊಸಾದು ಇಪ್ಪತ್ತೊಂಬತ್ತು ತಗೊಂತದ."

ಗಾಳೆಮ್ಮ ಗೋಡೆ ಬಿಟ್ಟು ಮುಂದೆ ಬಂದಿದ್ದಳು. "ಇನ್ನೊಮ್ಮೆ ಹಚ್ರಿ" ಎಂದಳು. ಹಚ್ಚಿದರು. ತುಟಿ ಬಿಗಿಹಿಡಿದು, ತಲೆ ಓರೆಮಾಡಿ ಕೇಳಿದಳು. ಬಳಿಕ ನನ್ನ ಕಡೆ ತಿರುಗಿದಳು.

"ಅಜ್ಜಾರ, ಅದ್ಯಾಕ ಹೇಳವಲ್ತು?"

"ನಾನು ಅದಕ್ಕೆ ಮಾತು ಕೊಟ್ಟಿರಲಿಲ್ಲ, ತಾಯಿ. ಚಿತ್ರದಲ್ಲಿ ಬರೆದಿದ್ದೆ. ಮತ್ತೆ ಬರೆಯುವುದು ಅನಗತ್ಯವೆಂದುಕೊಂಡೆ."

"ಎಷ್ಟು ಬರೀಬೇಕಿತ್ರಿ?"

"ನಾಲ್ಕು ಪದ."

"ಎಷ್ಟೊತ್ತು ಹಿಡೀತಿತ್ತು?"

ವಾಕ್ಯಗಳನ್ನು ಸುತ್ತಿ ಬಳಸಿ ಕಟ್ಟುವ ಕಲೆಯೆಲ್ಲ ಆಗ ನನ್ನನ್ನು ತೊರೆದುಹೋಯಿತು. "ಒಂದು ನಿಮಿಷ" ಎಂದೆ. "ಅಷ್ಟೂ ಅಲ್ಲ."

ಅವಳು ಬೈಯುತ್ತಾಳೆಂದು ಕಾದೆ. ಬೈಯಲೆಂದು ಬೇಡಿಕೊಂಡೆನೆಂದರೂ ಸರಿಯೇ. ನನ್ನ ಪಾಲಿಗೆ ಅವಳಲ್ಲಿ ಏನೂ ಉಳಿದಿರಲಿಲ್ಲ. ಬೆನ್ನು ತಿರುಗಿಸಿ, ಇನ್ನೂ ನಿಂತೇ ಇದ್ದ ತಂದೆಯ ಬಳಿಗೆ ಹೋದಳು. ಅವನ ಕೈಯಿಂದ ಜಾರಿದ್ದ ಟವೆಲನ್ನು ಎತ್ತಿ ಹೆಗಲಿಗೆ ಹಾಕಿದಳು.

"ಅಪ್ಪಾ, ಮುಂಜಾನಿಂದ ಏನರ ತಿಂದೀಯೇನು?"

"ಇಲ್ಲವ್ವ" ಎಂದ ಯಮನೂರಪ್ಪ. ಅವಳು ಅವನ ರಟ್ಟೆ ಹಿಡಿದು, ಹೊಸ್ತಿಲು ದಾಟಿಸಿ ಬಿಸಿಲಿಗೆ ಕರೆದುಕೊಂಡು ಹೋದಳು.

ಅಧಿಕಾರಿ ಬಿಳಿಯ ಹಾಳೆಯೊಂದನ್ನು ನನ್ನತ್ತ ಸರಿಸಿ ಹೇಳಿಕೆ ಬರೆದುಕೊಡಿ ಎಂದರು. ಕಿಟಕಿಯಾಚೆ ತಂದೆ ಮಗಳು ಇಳಿಜಾರಿನಲ್ಲಿ ನಡೆದು ಹೋಗುತ್ತಿದ್ದರು. ಇಬ್ಬರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ; ಅದನ್ನು ಕ್ಷಮೆಯೆಂದು ಓದಿಕೊಳ್ಳುವಷ್ಟು ನಾನು ನಾಚಿಕೆಗೆಟ್ಟಿರಲಿಲ್ಲ.